ಲೇಖನಿಯನ್ನು ಕಡೆಯುವ ಬಗೆ

ಮನೆಯಲ್ಲಿಯೇ ಕುಳಿತು ಮಾಡಬಹುದಾದ ಕೈಗೆಲಸಗಳ ವಿಷಯವನ್ನು ಓದುವುದರಲ್ಲಿ ಗೃಹಸ್ಥರಿಗೂ ಗೃಹಿಣಿಯರಿಗೂ ಸಮಾನವಾದ ಆಸಕ್ತಿಯಿರುವುದಷ್ಟೆ. ಹೊಲಿಗೆ, ಕಸೂತಿ, ಬುಟ್ಟಿ ಹೆಣೆಯುವುದು ಮೊದಲಾದುವುಗಳ ಸಾಲಿನಲ್ಲಿ ಇಂದು ನಾವು ಹೇಳಹೊರಟಿರುವ ಕೆಲಸವು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಗೇಣಿಗಿಂತ ಚಿಕ್ಕದಾದ ಮರದ ತುಂಡೊಂದನ್ನು ತಿರುಗುವ ಯಂತ್ರಕ್ಕೆ ಕೊಟ್ಟು, ಉಳಿಯಿಂದ ಕಡೆದು, ಜೇಬಿನಲ್ಲಿರಿಸಿಕೊಂಡು ಬರೆಯತಕ್ಕ ಲೇಖನಿಯನ್ನಾಗಿ ಮಾಡುವುದೇ ಆ ಕೆಲಸ. ಮೂರು ದಶಕಗಳಿಗೂ ಮೇಲ್ಪಟ್ಟು ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿದ ಉಪಾಧ್ಯಾಯನಿಗೂ ಬಡಗಿಯ ಉಳಿಗೂ ಏನು ನಂಟೆಂದು ವಾಚಕರು ಕೇಳಬಹುದು. ನಮ್ಮ ಮನೆಯವರು ಈ ಪ್ರಶ್ನೆಯನ್ನು ಎಲ್ಲರಿಗಿಂತ ಮೊದಲೇ ಕೇಳಿದರು. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿಯೂ ಕೊಡುವೆವು.

ತುಮಕೂರು ಜಿಲ್ಲೆಯ ನಮ್ಮ ಗ್ರಾಮದ ಮನೆಯ ಹಿತ್ತಲಲ್ಲಿ ಒಂದು ಹಲಸಿನ ಮರವಿದ್ದಿತು. ನಮ್ಮ ತಂದೆಯವರು ಹುಡುಗರಾಗಿದ್ದಾಗಲೇ ಅದು ಫಲ ಕೊಡುತ್ತಿದ್ದಿತಂತೆ. ಅದರ ನೆರಳಿನಲ್ಲಿಯೇ ನಾವು ಐವರು ಒಡಹುಟ್ಟಿದವರು ಮರಳಿನ ಮೇಲೆ ಅಕ್ಷರ ತಿದ್ದಿದೆವು. ೨೦೨೩ನೆಯ ಇಸವಿಯಲ್ಲಿ, ನಾವು ಕೆಲಸದಿಂದ ನಿವೃತ್ತರಾದ ವರ್ಷವೇ, ಆ ಮನೆಯಲ್ಲಿ ವಾಸವಾಗಿರುವ ನಮ್ಮ ಅಣ್ಣನವರು ಹಿತ್ತಲಿನ ಕಡೆಗೆ ಎರಡು ಕೋಣೆಗಳನ್ನು ಕಟ್ಟಿಸಬೇಕೆಂದು ನಿಶ್ಚಯಿಸಿ, ಮರವನ್ನು ಕಡಿಸಲು ಏರ್ಪಾಡು ಮಾಡಿದರು. ನಾವು ಬೇಡವೆಂದೆವು. "ಮನೆಯಲ್ಲಿ ಇರುವವನು ನಾನು, ನೆನಪು ಮಾತ್ರ ನಿನ್ನದು" ಎಂದು ಅವರು ಹೇಳಿದರು. ಮಾತು ಸ್ವಲ್ಪ ಬೆಳೆಯಿತು. ಕಾರ್ತಿಕ ಮಾಸದಲ್ಲಿ ಮರ ಉರುಳಿತು. ಬೊಡ್ಡೆಯನ್ನು ಮರದ ವ್ಯಾಪಾರಿಯು ಕೊಂಡುಹೋದನು. ನಮ್ಮ ಪಾಲಿಗೆ ತೊಡೆಯ ಗಾತ್ರದ ಕೊಂಬೆಯೊಂದರ ತುಂಡು ಬಂದಿತು. ಅದರಿಂದ ಐವರಿಗೂ ಒಂದೊಂದು ಲೇಖನಿಯನ್ನು ಮಾಡಿ ಹಂಚಿದರೆ ಮರವೂ ಉಳಿದಂತಾಯಿತು, ಅಣ್ಣನವರೊಡನೆ ಆಡಿದ ಮಾತೂ ಮರೆತಂತಾಯಿತು ಎಂಬ ಆಲೋಚನೆಯು ಆಗ ನಮಗೆ ಹುಟ್ಟಿತು. ಕಡೆಯುವ ಯಂತ್ರವನ್ನು ಅಲ್ಲಿಯವರೆಗೆ ನಾವು ಕೈಯಿಂದ ಮುಟ್ಟಿಯೂ ಇರಲಿಲ್ಲ.

ಕನ್ನಡದಲ್ಲಿ 'ಕಡೆ' ಎಂಬ ಒಂದೇ ಧಾತುವು ಮೊಸರಿಗೂ ಮರಕ್ಕೂ ಸಲ್ಲುವುದನ್ನು ವಾಚಕರು ಗಮನಿಸಿರಬಹುದು. ಇದು ಆಕಸ್ಮಿಕವಲ್ಲವೆಂದು ನಮ್ಮ ಎಣಿಕೆ. ವಿದ್ಯುಚ್ಛಕ್ತಿಯು ಬರುವುದಕ್ಕೆ ಮುಂಚೆ ನಮ್ಮ ಕುಶಲಕರ್ಮಿಗಳು ಮರದ ತುಂಡಿಗೆ ಹಗ್ಗವನ್ನಾಗಲಿ ಬಿಲ್ಲಿನ ಹೆದೆಯನ್ನಾಗಲಿ ಸುತ್ತಿ, ಹಿಂದಕ್ಕೂ ಮುಂದಕ್ಕೂ ಎಳೆದು, ಕಡೆಗೋಲನ್ನು ತಿರುಗಿಸುವ ರೀತಿಯಲ್ಲಿಯೇ ಅದನ್ನು ತಿರುಗಿಸುತ್ತಿದ್ದರು. ಸಂಸ್ಕೃತದಲ್ಲಿಯೂ ಈ ಯಂತ್ರವು ಅಪರಿಚಿತವಲ್ಲ. ಸೂರ್ಯನ ತೇಜಸ್ಸನ್ನು ತಾಳಲಾರದೆ ಹೋದ ಮಗಳು ಸಂಜ್ಞೆಗೋಸ್ಕರ ವಿಶ್ವಕರ್ಮನು ಆ ದೇವನನ್ನೇ ತಿರುಗುವ ಚಕ್ರಕ್ಕೇರಿಸಿ, ಎಂಟನೆಯ ಒಂದು ಪಾಲನ್ನು ಕೆತ್ತಿ ತೆಗೆದನೆಂದು ವಿಷ್ಣುಪುರಾಣವು ಹೇಳುತ್ತದೆ. ಕಾಳಿದಾಸನು ರಘುವಂಶದ ಆರನೆಯ ಸರ್ಗದಲ್ಲಿ ಅವಂತಿಯ ಅರಸನನ್ನು ವರ್ಣಿಸುವಾಗ ಈ ಕಥೆಯನ್ನೇ ಉಪಮಾನವಾಗಿ ತಂದಿದ್ದಾನೆ. ಕೆತ್ತಿದ ಚೂರುಗಳಿಂದ ವಿಷ್ಣುವಿನ ಚಕ್ರವೂ ಶಿವನ ತ್ರಿಶೂಲವೂ ಆದುವಂತೆ. ನಮ್ಮ ಯಂತ್ರದಿಂದ ಬಿದ್ದ ಚೂರುಗಳು ಬಚ್ಚಲ ಒಲೆಗೆ ಆದುವು.

ನಮ್ಮ ನಾಡಿನಲ್ಲಿ ಈ ವಿದ್ಯೆಗೆ ಹೆಸರಾದ ಸ್ಥಳವು ಚನ್ನಪಟ್ಟಣ. ಅಲ್ಲಿಯ ಕುಶಲಿಗಳು ಬಿಳುಪಾದ ಆಲೆಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರವನ್ನು ಹತ್ತುತ್ತದೆ. ಅದರ ಮೇಲೆ ಕೇದಗೆಯ ಎಲೆಯನ್ನು ಒತ್ತಿದರೆ ಕನ್ನಡಿಯಂತಹ ಹೊಳಪು ಬರುತ್ತದೆ. ಕುಂಚದ ಗೊಡವೆಯೇ ಇಲ್ಲ. ಬಾಲಕರಾಗಿದ್ದಾಗ ನಾವು ಆಡಿದ ಬುಗುರಿಯೂ ಗಿಲಕಿಯೂ ಹೀಗೆ ಆದುವುಗಳೆಂಬುದನ್ನು ನಾವು ಅರುವತ್ತನೆಯ ವಯಸ್ಸಿನಲ್ಲಿ ಕಣ್ಣಾರೆ ಕಂಡೆವು. ಲೇಖನಿಯ ವಿಷಯಕ್ಕೆ ಬಂದರೆ, ನೆರೆಯ ಆಂಧ್ರದ ರಾಜಮಹೇಂದ್ರಿಯಲ್ಲಿ ಕೆ. ವಿ. ರತ್ನಂ ಎಂಬವರು ೧೯೩೨ರಲ್ಲಿ ಸ್ವದೇಶಿ ಲೇಖನಿಗಳ ತಯಾರಿಕೆಯನ್ನು ಆರಂಭಿಸಿದರು. ಗಾಂಧೀಜಿಯವರು ೧೯೩೫ರಲ್ಲಿ ಅವರ ಲೇಖನಿಯನ್ನು ಮೆಚ್ಚಿ ಪತ್ರ ಬರೆದರು. ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಸಲಾಕೆಯನ್ನು ಲೇತಿನಲ್ಲಿ ಕಡೆದು, ಮರೆಯನ್ನೂ ಅದರಲ್ಲಿಯೇ ಕೊರೆದು ಮಾಡುವ ಆ ಮಸಿಯ ಲೇಖನಿಗಳು ಪಳಗಿದ ಕೈಯ ಕೆಲಸ. ಹೊಸದಾಗಿ ಕಲಿಯುವವನು ಅಲ್ಲಿಂದ ಆರಂಭಿಸತಕ್ಕದ್ದಲ್ಲ.

ಹೊಸಬನಿಗೆ ತಕ್ಕ ದಾರಿಯೆಂದರೆ ಒಳಗಿನ ಲೋಹದ ಭಾಗಗಳನ್ನೆಲ್ಲ ಒಂದು ಕಟ್ಟಾಗಿ ಕೊಂಡು, ಹೊರಗಿನ ಮರದ ಮೈಯನ್ನು ಮಾತ್ರ ತಾನು ಕಡೆಯುವುದು. ಇವುಗಳಿಗೆ ಪೆನ್ ಕಿಟ್ ಎನ್ನುವರು. ಅಂಚೆಯ ಮೂಲಕ ತರಿಸಿಕೊಳ್ಳಬಹುದು. ಅವುಗಳಲ್ಲಿ ಸ್ಲಿಮ್‌ಲೈನ್ ಎಂಬ ಸಣ್ಣ ಬಾಲ್‌ಪೆನ್ನಿನ ಕಟ್ಟು ಅತ್ಯಂತ ಸರಳವಾದುದು. ಅದರೊಳಗೆ ೭ ಮಿಲಿಮೀಟರ್ ದಪ್ಪದ ಎರಡು ಹಿತ್ತಾಳೆಯ ಕೊಳವೆಗಳು, ಮೊನೆ, ನಡುವಿನ ಬಳೆ, ಜೇಬಿಗೆ ಸಿಕ್ಕಿಸುವ ಕ್ಲಿಪ್, ತಲೆಯ ಮುಚ್ಚಳ, ತಿರುವಿದರೆ ರೀಫಿಲ್ಲನ್ನು ಹೊರಕ್ಕೂ ಒಳಕ್ಕೂ ತರುವ ಯಂತ್ರ ಇಷ್ಟಿರುತ್ತವೆ. ಮರದ ತುಂಡು ಮುಕ್ಕಾಲು ಅಂಗುಲ ಚೌಕವೂ ಐದು ಅಂಗುಲ ಉದ್ದವೂ ಇದ್ದರೆ ಸಾಕು. ಅದನ್ನು ಎರಡಾಗಿ ಕತ್ತರಿಸಿ, ಉದ್ದಕ್ಕೂ ರಂಧ್ರ ಕೊರೆದು, ಕೊಳವೆಗಳನ್ನು ಅಂಟಿಸಿ, ಲೇತಿಗೆ ಏರಿಸಿ ಕಡೆಯಬೇಕು. ಹೇಳುವುದಕ್ಕೆ ಒಂದು ವಾಕ್ಯ. ಕಲಿಯುವುದಕ್ಕೆ ನಮಗೆ ಒಂದು ವರ್ಷ ಬೇಕಾಯಿತು.

ನಮಗೆ ಗುರುವಾಗಿ ದೊರೆತವನು ನಮ್ಮ ಹಿಂದಿನ ವಿದ್ಯಾರ್ಥಿಯೊಬ್ಬನು. ಒಂಬತ್ತನೆಯ ತರಗತಿಯಲ್ಲಿ ಕಾಪಿ ಪುಸ್ತಕದ ಅಕ್ಷರಗಳು ಸೊಟ್ಟಗಿವೆಯೆಂದು ನಮ್ಮಿಂದ ಬಯ್ಯಿಸಿಕೊಂಡವನು, ಈಗ ಪಟ್ಟಣದಲ್ಲಿ ಮಂಚದ ಕಾಲುಗಳನ್ನೂ ಮೆಟ್ಟಿಲ ಕಟಕಟೆಯ ಕಂಬಗಳನ್ನೂ ಕಡೆದು ಸುಖವಾಗಿ ಬಾಳುತ್ತಿದ್ದಾನೆ. ಮೊದಲನೆಯ ದಿನ ನಾವು ಲೇತಿನ ಬಳಿಗೆ ಹೋದಾಗ ಅವನು ಗುಂಡಿಯೊತ್ತುವ ಬದಲು, "ಮೇಷ್ಟ್ರೇ, ತಪ್ಪು ತಿಳಿಯಬೇಡಿ, ಆ ಶಲ್ಯ ತೆಗೆದಿಡಿ" ಎಂದನು. ದೇವಾಲಯದ ಒಳಗಲ್ಲವಲ್ಲ ಎಂದು ನಾವು ಸ್ವಲ್ಪ ಬೇಸರಪಟ್ಟೆವು. ಆಗ ಅವನು ಹಳೆಯ ಬಟ್ಟೆಯ ಚೂರೊಂದನ್ನು ಕಡ್ಡಿಯ ತುದಿಯಲ್ಲಿ ಹಿಡಿದು, ತಿರುಗುತ್ತಿದ್ದ ಮರದ ಹತ್ತಿರಕ್ಕೆ ತಂದನು. ಕಣ್ಣು ಮಿಟುಕಿಸುವುದರೊಳಗಾಗಿ ಬಟ್ಟೆಯೂ ಕಡ್ಡಿಯೂ ಅವನ ಕೈಯಿಂದ ಕಿತ್ತುಹೋಗಿ ಸುತ್ತಿಕೊಂಡುವು. ಅಂದಿನಿಂದ ನಾವು ಶಲ್ಯವನ್ನು ಮನೆಯಲ್ಲಿಯೇ ಬಿಟ್ಟು ಹೋಗುವೆವು. ಸಡಿಲವಾದ ತೋಳು, ಕೊರಳ ಸರ, ಕೈಬಳೆ, ಕಟ್ಟದ ಜಡೆ ಇವು ಯಾವುವೂ ಯಂತ್ರದ ಹತ್ತಿರ ಸುಳಿಯಕೂಡದು. ಕೈಗೆ ಗವಸು ಹಾಕಿಕೊಳ್ಳುವುದು ಕ್ಷೇಮವೆಂದು ತೋರಬಹುದಾದರೂ ಅದು ಇನ್ನೂ ಅಪಾಯಕರ. ಗವಸನ್ನು ಹಿಡಿದ ಯಂತ್ರವು ಬೆರಳನ್ನು ಬಿಡುವುದಿಲ್ಲ. ಮುಖಕ್ಕೆ ಪಾರದರ್ಶಕವಾದ ಗುರಾಣಿಯೂ ಮೂಗಿಗೆ ದೂಳು ತಡೆಯುವ ಮುಸುಕೂ ಇರಲೇಬೇಕು. ಗುರಾಣಿಯ ಬೆಲೆ ನಮಗೆ ತಿಳಿದ ದಿನದ ಸಂಗತಿಯನ್ನು ಮುಂದೆ ಹೇಳುವೆವು.

ಆ ಶಿಷ್ಯನು ಆರಂಭದಲ್ಲಿಯೇ ಒಂದು ಮಾತನ್ನು ಹೇಳಿದ್ದನು: "ಹಲಸನ್ನು ಈಗ ಮುಟ್ಟಬೇಡಿ. ಬೇವಿನದೋ ನೀಲಗಿರಿಯದೋ ತುಂಡುಗಳನ್ನು ಕೊಡುತ್ತೇನೆ. ಇಪ್ಪತ್ತು ಹಾಳು ಮಾಡಿ, ಆಮೇಲೆ ನೋಡೋಣ." ಅವನು ಹೇಳಿದ್ದು ಅಕ್ಷರಶಃ ಸತ್ಯವಾಗಿದ್ದಿತು. ಆದರೆ ಯುಗಾದಿಗೆ ಲೇಖನಿಗಳನ್ನು ಹಂಚಬೇಕೆಂಬ ಆತುರವು ನಮ್ಮನ್ನು ಹಿಡಿದಿದ್ದಿತು. ಸಂಧಿ ಕಲಿಯದೆ ಕಾವ್ಯಕ್ಕೆ ಕೈಹಾಕುವ ಹುಡುಗರನ್ನು ಗದರಿಸಿದವರೇ ನಾವು! ಬೇವಿನ ಮೂರು ತುಂಡುಗಳನ್ನು ಕಡೆದು ನೋಡಿ, ಸಾಕೆಂದು ನಿಲ್ಲಿಸಿದೆವು. ಹಲಸಿನ ಕೊಂಬೆಯಿಂದ ೧೪ ತುಂಡುಗಳು ದೊರೆತಿದ್ದುವು. ಐದು ಲೇಖನಿಗಳಿಗೆ ಹದಿನಾಲ್ಕು ತುಂಡುಗಳು ಧಾರಾಳವೆಂದು ನಾವು ಲೆಕ್ಕ ಹಾಕಿದೆವು. ಆ ಲೆಕ್ಕವು ಹೇಗೆ ಕರಗಿತೆಂಬುದೇ ಹೊಸಬರಿಗೆ ನಾವು ಹೇಳಬಹುದಾದ ಪಾಠ.

ಎರಡು ತುಂಡುಗಳು ರಂಧ್ರ ಕೊರೆಯುವಾಗಲೇ ಹೋದುವು. ಕೈಯಲ್ಲಿ ಹಿಡಿಯುವ ಬೈರಿಗೆ ಯಂತ್ರದಿಂದ ಕೊರೆಯುತ್ತೇವೆಂದು ಹೊರಟಾಗ, ಮೇಲೆ ನಡುಮಧ್ಯದಲ್ಲಿ ಹೊಕ್ಕ ಮೊನೆಯು ಕೆಳಗೆ ಪಕ್ಕದಲ್ಲಿ ಹೊರಬಿದ್ದಿತು. ಮೊನೆ ಮೊಂಡಾಗಿದ್ದರೆ ಅದು ಮರದ ಎಳೆಗಳ ದಾರಿಯನ್ನೇ ಹಿಡಿದು ಹೋಗುತ್ತದೆ. ತುಂಡನ್ನು ಗಟ್ಟಿಯಾಗಿ ಹಿಡಿದು ನೆಟ್ಟಗೆ ಇಳಿಯುವ ನಿಲುವಿನ ಯಂತ್ರದಲ್ಲಾಗಲಿ ಲೇತಿನಲ್ಲಿಯೇ ಆಗಲಿ ಕೊರೆಯಬೇಕು. ನಿಧಾನವಾಗಿ ಇಳಿಸುತ್ತ, ಆಗಾಗ್ಗೆ ಮೇಲಕ್ಕೆಳೆದು ಹೊಟ್ಟನ್ನು ಹೊರಚೆಲ್ಲಬೇಕು. ಹೊಟ್ಟು ಒಳಗೆ ತುಂಬಿಕೊಂಡರೆ ಬಿಸಿಯೇರಿ ಮರ ಬಿರಿಯುತ್ತದೆ. ಮೂರನೆಯ ತುಂಡು ಹಾಗೆ ಬಿರಿಯಿತು. ಕತ್ತರಿಸುವುದಕ್ಕೆ ಮೊದಲು ತುಂಡಿನ ಮೈಮೇಲೆ ಸೀಸದ ಕಡ್ಡಿಯಿಂದ ಉದ್ದನೆಯ ಗೆರೆಯೊಂದನ್ನು ಎಳೆದಿರಬೇಕೆಂಬುದನ್ನೂ ಇಲ್ಲಿಯೇ ಹೇಳಿಬಿಡುವೆವು. ಎರಡು ಭಾಗಗಳನ್ನು ಕೊನೆಗೆ ಕೂಡಿಸುವಾಗ ಆ ಗೆರೆಯ ನೆನಪಿದ್ದರೆ ಮೇಲಿನ ಎಳೆಯು ಕೆಳಗಿನ ಎಳೆಯೊಡನೆ ಒಂದಾಗುವುದು. ಇಲ್ಲದಿದ್ದರೆ ಒಬ್ಬನ ತಲೆಯನ್ನು ಇನ್ನೊಬ್ಬನ ಮುಂಡಕ್ಕೆ ಇಟ್ಟಂತೆ ಕಾಣುವುದು.

ಅಂಟಿನ ವಿಷಯದಲ್ಲಿ ಸ್ವಲ್ಪ ವಿಸ್ತರಿಸಬೇಕಾಗಿದೆ. ಹಿತ್ತಾಳೆಯ ಕೊಳವೆಯು ನುಣುಪಾಗಿರುವುದರಿಂದ ಉಪ್ಪುಕಾಗದದಿಂದ ಅದರ ಮೈಯನ್ನು ಉಜ್ಜಿ ಒರಟು ಮಾಡಬೇಕು. ಒಳಗೆ ಅಂಟು ನುಗ್ಗದಂತೆ ಕೊಳವೆಯ ಬಾಯಿಗೆ ಮೇಣವನ್ನು ಮೆತ್ತಬೇಕು. ಅನಂತರ ಅಂಟನ್ನು ಸವರಿ, ತಿರುವುತ್ತ ತಿರುವುತ್ತ ರಂಧ್ರದೊಳಗೆ ತಳ್ಳಬೇಕು. ಚಪ್ಪಲಿಯಿಂದ ಹಿಡಿದು ಆಟಿಕೆಯವರೆಗೆ ಎಲ್ಲವನ್ನೂ ಅಂಟಿಸುವ, ಕ್ಷಣಮಾತ್ರದಲ್ಲಿ ಹಿಡಿಯುವ ಅಂಟೊಂದು ಈಗ ಪ್ರತಿಯೊಂದು ಅಂಗಡಿಯಲ್ಲಿಯೂ ದೊರೆಯುವುದಷ್ಟೆ. ಸಯನೋಅಕ್ರಿಲೇಟ್ ಎಂದು ಅದರ ಶಾಸ್ತ್ರೀಯ ನಾಮ. ೧೯೪೨ರಲ್ಲಿ ಅಮೆರಿಕದ ಹ್ಯಾರಿ ಕೂವರ್ ಎಂಬ ರಸಾಯನಜ್ಞನು ಬೇರೆ ಯಾವುದನ್ನೋ ಅರಸುತ್ತಿರುವಾಗ ಅದು ಕೈಗೆ ಸಿಕ್ಕಿತು, ೧೯೫೮ರಲ್ಲಿ ಮಾರಾಟಕ್ಕೆ ಬಂದಿತು. ಪಳಗಿದವರು ಇದನ್ನೇ ಬಳಸುತ್ತಾರೆ. ನಮ್ಮ ಕೈಯಲ್ಲಿ ಮಾತ್ರ ಕೊಳವೆಯು ಅರ್ಧ ಒಳಗೆ, ಅರ್ಧ ಹೊರಗೆ ಇರುವಾಗಲೇ ಅದು ಬಿಗಿದುಕೊಂಡಿತು. ಸುತ್ತಿಗೆಯಿಂದ ಬಡಿದೆವು, ಕೊಳವೆ ಸೊಟ್ಟಗಾಯಿತು, ತುಂಡು ಸೀಳಿತು. ಆದಕಾರಣ ಹೊಸಬರು ಎರಡು ಟ್ಯೂಬುಗಳನ್ನು ಬೆರೆಸಿ ಹಚ್ಚುವ ಎಪಾಕ್ಸಿ ಅಂಟನ್ನು ಉಪಯೋಗಿಸುವುದೇ ಲೇಸು. ಅದು ಕೆಲವು ನಿಮಿಷಗಳ ಅವಕಾಶ ಕೊಡುತ್ತದೆ. ರಾತ್ರಿ ಅಂಟಿಸಿಟ್ಟು ಬೆಳಗ್ಗೆ ನೋಡಿಕೊಂಡರೆ ಆಯಿತು.

ಅಂಟು ಒಣಗಿದ ಮೇಲೆ ಮರದ ಎರಡು ತುದಿಗಳನ್ನೂ ಕೊಳವೆಗೆ ಸರಿಯಾಗಿ ಲಂಬವಾಗುವಂತೆ ಸವರಬೇಕು. ಇದಕ್ಕೆಂದೇ ಹಲ್ಲುಳ್ಳ ಚಿಕ್ಕ ಸಾಧನವೊಂದಿದೆ. ಅದರ ಹಲ್ಲು ಚೂಪಾಗಿರಬೇಕು; ನಮ್ಮ ಮೊಂಡು ಹಲ್ಲು ಐದನೆಯ ತುಂಡಿನ ತುದಿಯನ್ನು ಚಕ್ಕೆಯೆಬ್ಬಿಸಿ ಕೆಡಿಸಿತು. ಹಿತ್ತಾಳೆಯ ಅಂಚು ಸುತ್ತಲೂ ಮಿನುಗಿದೊಡನೆ ನಿಲ್ಲಿಸಬೇಕು. ಕೂದಲೆಳೆಯಷ್ಟು ಕಡಿಮೆಯಾದರೆ ಲೋಹದ ಬಳೆಗೂ ಮರಕ್ಕೂ ನಡುವೆ ಸಂದು ಕಾಣುತ್ತದೆ. ಹೆಚ್ಚಾಗಿ ಸವರಿದರೆ ಕೊಳವೆಯೇ ಗಿಡ್ಡವಾಗಿ, ಒಳಗಿನ ಯಂತ್ರವನ್ನು ಎಷ್ಟು ತಿರುವಿದರೂ ರೀಫಿಲ್ಲಿನ ಮೊನೆ ಒಳಕ್ಕೆ ಹೋಗದೆ ಹೊರಗೇ ಇಣುಕುತ್ತಿರುತ್ತದೆ. ಅಂತಹ ಲೇಖನಿಯೊಂದನ್ನೂ ನಾವು ಮಾಡಿದ್ದೇವೆ. ಅದು ಬರೆಯುವುದು ಚೆನ್ನಾಗಿಯೇ. ಜೇಬಿನಲ್ಲಿಟ್ಟುಕೊಂಡು ಮದುವೆಯೊಂದಕ್ಕೆ ಹೋಗಿ ಬಂದ ದಿನ ನಮ್ಮ ಜುಬ್ಬದ ಸ್ಥಿತಿಯನ್ನು ನೋಡಿ ಮನೆಯವರು ಏನು ಹೇಳಿದರೆಂಬುದನ್ನು ಇಲ್ಲಿ ಬರೆಯುವುದಿಲ್ಲ.

ವಾಚಕರು ಗಮನಿಸಬೇಕು: ಇಷ್ಟು ಹೊತ್ತಾದರೂ ಉಳಿಯು ಮರವನ್ನು ಮುಟ್ಟಿಲ್ಲ. ಜನರು ಬೆರಗಾಗಿ ನೋಡುವುದು ಕಡೆಯುವ ಕೆಲಸವನ್ನು. ಲೇಖನಿಯ ಹಣೆಬರಹವು ಮಾತ್ರ ಅದಕ್ಕೆ ಮುಂಚೆಯೇ, ಯಾರೂ ನೋಡದ ಕೊರೆತ, ಅಂಟು, ಸವರಿಕೆಗಳಲ್ಲಿ ಬರೆದುಹೋಗಿರುತ್ತದೆ. ಅದಕ್ಕಿಂತಲೂ ಹಿಂದಿನ ಹೆಜ್ಜೆಯೊಂದುಂಟು. ಅದನ್ನು ನಾವು ಎಲ್ಲಕ್ಕಿಂತ ಕೊನೆಗೆ ಕಲಿತೆವು. ಆದುದರಿಂದ ಕೊನೆಗೇ ಹೇಳುವೆವು.

ಈಗ ಕಡೆಯುವುದು. ಉಕ್ಕಿನ ಸಲಾಕೆಯೊಂದಕ್ಕೆ ಎರಡು ಮರದ ಭಾಗಗಳನ್ನೂ ಪೋಣಿಸಿ, ಅವುಗಳ ಹಿಂದೆ ಮುಂದೆ ಮಧ್ಯೆ ಬುಶ್ ಎಂಬ ಉಕ್ಕಿನ ಬಳೆಗಳನ್ನು ಇಡುವರು. ಮರವು ಆ ಬಳೆಗಳ ಮಟ್ಟಕ್ಕೆ ಇಳಿದರೆ ಲೋಹದ ಭಾಗಗಳಿಗೆ ಸರಿಹೊಂದಿತೆಂದು ಅರ್ಥ. ಎದುರು ತುದಿಯಿಂದ ಬಿಗಿಮಾಡುವಾಗ ಬಲವನ್ನು ತೋರಿಸಬಾರದು. ಬಹಳ ಬಿಗಿದರೆ ತೆಳುವಾದ ಸಲಾಕೆಯು ಬಿಲ್ಲಿನಂತೆ ಬಾಗಿ, ಮರವು ಒಂದು ಕಡೆ ದಪ್ಪ ಒಂದು ಕಡೆ ತೆಳುವು ಆಗುತ್ತದೆ. ಉಳಿಯನ್ನು ಊರುವ ಅಡ್ಡಪಟ್ಟಿಯು ಮರಕ್ಕೆ ೩ ಮಿಲಿಮೀಟರಿನಷ್ಟು ಹತ್ತಿರವಿರಲಿ. ಗುಂಡಿಯೊತ್ತುವುದಕ್ಕೆ ಮೊದಲು ಕೈಯಿಂದಲೇ ಒಂದು ಸುತ್ತು ತಿರುಗಿಸಿ, ಎಲ್ಲಿಯೂ ತಗಲುವುದಿಲ್ಲವೆಂದು ನೋಡಿಕೊಳ್ಳಬೇಕು. ಚೌಕವನ್ನು ದುಂಡಗೆ ಮಾಡುವಾಗ ನಿಮಿಷಕ್ಕೆ ೧೫೦೦ ಸುತ್ತುಗಳು, ದುಂಡಗಾದ ಮೇಲೆ ೨೫೦೦ರವರೆಗೆ ಸಾಕು.

ದೋಣಿಯಂತೆ ಒಳಬಾಗಿದ ಬಾಯಿಯುಳ್ಳ ಉಳಿಯು ಆರಂಭಕ್ಕೆ ಯೋಗ್ಯವಾದುದು. ಓರೆಬಾಯಿಯ ಉಳಿಯು ನಯವಾಗಿ ಕೊಯ್ಯುತ್ತದಾದರೂ ಬಲು ಮುನಿಸಿನದು. ಅದನ್ನು ಆಮೇಲೆ ಒಲಿಸಿಕೊಳ್ಳಬಹುದು. ಉಳಿಯನ್ನು ಮೊದಲು ಪಟ್ಟಿಯ ಮೇಲೆ ಊರಿ, ಬಾಯಿಯ ಹಿಂಬದಿಯ ಇಳಿಜಾರನ್ನು ತಿರುಗುವ ಮರದ ಮೇಲೆ ಒರಗಿಸಿ, ಅದು ಕೊಯ್ಯದೆ ಸುಮ್ಮನೆ ಉಜ್ಜುತ್ತಿರುವಾಗ ಹಿಡಿಯನ್ನು ಮೆಲ್ಲಮೆಲ್ಲನೆ ಮೇಲೆತ್ತಬೇಕು. ಒಂದು ಹಂತದಲ್ಲಿ ಬಾಯಿಯು ತಾನಾಗಿ ಮರವನ್ನು ಹಿಡಿದು, ಸುರುಳಿ ಸುರುಳಿಯಾಗಿ ಸಿಪ್ಪೆಯನ್ನು ಬಿಡುತ್ತದೆ. ಸುರುಳಿಯ ಬದಲು ಹಿಟ್ಟಿನಂತಹ ದೂಳು ಬಂದರೆ ಉಳಿ ಮೊಂಡಾಗಿದೆಯೆಂದು ತಿಳಿದು ಸಾಣೆಗೆ ಹೋಗಬೇಕೇ ಹೊರತು ತೋಳಿನ ಬಲವನ್ನು ಹೆಚ್ಚಿಸಬಾರದು. ನಾವು ಹೆಚ್ಚಿಸಿದೆವು. "ಮೇಷ್ಟ್ರೇ, ಹಾವಿನ ಕುತ್ತಿಗೆ ಹಿಡಿದ ಹಾಗೆ ಹಿಡಿದಿದ್ದೀರಿ" ಎಂದು ಶಿಷ್ಯನು ಹೇಳುತ್ತಿದ್ದಂತೆಯೇ ಉಳಿಯ ಮೂಲೆಯು ಮರದೊಳಗೆ ಕಚ್ಚಿ, ಢಮ್ಮೆಂಬ ಸದ್ದಾಗಿ, ತುಂಡಿನ ಅರ್ಧ ಭಾಗವು ಸಿಡಿದು ನಮ್ಮ ಮುಖದ ಗುರಾಣಿಗೆ, ಬಲಗಣ್ಣಿನ ನೇರಕ್ಕೆ, ಬಡಿಯಿತು. ಗುರಾಣಿಯ ಮೇಲೆ ಬಿದ್ದ ಆ ಗೀರನ್ನು ನಮ್ಮ ಮನೆಯವರು ಇಂದಿಗೂ ನೋಡಿಲ್ಲ; ಈ ಲೇಖನವನ್ನು ಓದಿದ ಮೇಲೆ ಕೇಳುವರೆಂದು ತೋರುತ್ತದೆ. ಮಾರನೆಯ ವಾರ ಇನ್ನೊಂದು ತುಂಡು ಅದೇ ದಾರಿಯನ್ನು ಹಿಡಿಯಿತು. ಹೀಗೆ ಏಳು ತುಂಡುಗಳು ಹೋದುವು.

ಬಳೆಗಳ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಿರುವಾಗಲೇ ಉಳಿಯನ್ನು ನಿಲ್ಲಿಸಿ, ಉಪ್ಪುಕಾಗದವನ್ನು ಹಿಡಿಯಬೇಕು. ೧೫೦ನೆಯ ನಂಬರಿನಿಂದ ಆರಂಭಿಸಿ ೨೪೦, ೩೨೦, ೪೦೦, ೬೦೦ ಹೀಗೆ ನಯವಾದುದಕ್ಕೆ ಏರುತ್ತ ಹೋಗಬೇಕು. ನಡುವೆ ಒಂದನ್ನು ಹಾರಿಸಿದರೆ ಹಿಂದಿನ ಗೀರುಗಳು ಪಾಲಿಶಿನ ಕೆಳಗೆ ನಿಂತು ನಗುತ್ತವೆ. ಪ್ರತಿಯೊಂದು ನಂಬರಾದ ಮೇಲೂ ಯಂತ್ರವನ್ನು ನಿಲ್ಲಿಸಿ, ಮರದ ಉದ್ದಕ್ಕೆ ಕೈಯಿಂದ ನಾಲ್ಕು ಸಲ ಉಜ್ಜಿದರೆ ಸುತ್ತು ಗೀರುಗಳು ಮಾಯವಾಗುವುವು. ಕಾಗದವು ಉಕ್ಕಿನ ಬಳೆಗಳನ್ನು ಉಜ್ಜಿದರೆ ಕಪ್ಪು ಪುಡಿಯು ಮರಕ್ಕೆ ಹತ್ತುವುದು. ಹಲಸಿನಂತಹ ಹಳದಿ ಮರದ ಮೇಲೆ ಆ ಕಲೆಯು ಬಹಳ ಎದ್ದುಕಾಣುತ್ತದೆ.

ಹೊಳಪಿಗೆ ಅರಗೇ ಸಾಕು. ಶುದ್ಧಿ ಮಾಡಿದ ಅರಗಿನ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದರೆ ಬಡಗಿಗಳು ಫ್ರೆಂಚ್ ಪಾಲಿಶ್ ಎಂದು ಕರೆಯುವ ದ್ರವವಾಗುತ್ತದೆ. ಅದನ್ನು ಮೆತ್ತನೆಯ ಕಾಗದದ ತುಂಡಿಗೆ ಹನಿಸಿ, ತಿರುಗುವ ಮರಕ್ಕೆ ಒತ್ತಿ ಹಿಡಿದರೆ ಚನ್ನಪಟ್ಟಣದ ವಿದ್ಯೆಯೇ ಬೇರೊಂದು ರೂಪದಲ್ಲಿ ನಡೆದಂತಾಗುವುದು. ಬಟ್ಟೆಯನ್ನು ಬೆರಳಿಗೆ ಸುತ್ತಿಕೊಳ್ಳಕೂಡದೆಂದು ಮತ್ತೆ ಹೇಳಬೇಕಾಗಿಲ್ಲವಷ್ಟೆ. ಅರಗಿನ ಹೊಳಪು ಬೆವರಿಗೆ ಕಾಲಕ್ರಮದಲ್ಲಿ ಮಾಸುವುದೆಂಬ ಕಾರಣದಿಂದ ಕೆಲವರು ಮೇಲೆ ಹೇಳಿದ ಕ್ಷಣಮಾತ್ರದ ಅಂಟನ್ನೇ ಪದರ ಪದರವಾಗಿ ಲೇಪಿಸಿ ಗಾಜಿನಂತೆ ಮಾಡುತ್ತಾರೆ. ಅದು ಬಾಳುವುದು ನಿಜ. ಆದರೆ ಕೈಗೆ ಮರವನ್ನು ಮುಟ್ಟಿದ ಅನುಭವ ಬರುವುದಿಲ್ಲವೆಂದು ನಮ್ಮ ಅಭಿಪ್ರಾಯ. ಆ ಅಂಟು ಹತ್ತಿಯ ಬಟ್ಟೆಯನ್ನು ಸೋಂಕಿದರೆ ಸುಡುವಷ್ಟು ಬಿಸಿಯಾಗುತ್ತದೆಂಬುದನ್ನು ಅದರ ಅಭಿಮಾನಿಗಳು ಮರೆಯದಿರಲಿ. ಕೊನೆಗೆ ಲೋಹದ ಭಾಗಗಳನ್ನು ಒಂದೊಂದಾಗಿ ನೆಟ್ಟಗೆ ಇಟ್ಟು, ಹಲಗೆಯ ಚೂರುಗಳ ನಡುವೆ ಬಡಗಿಯ ವೈಸಿನಲ್ಲಿ ಮೆಲ್ಲನೆ ಒತ್ತಿದರೆ ಲೇಖನಿ ಸಿದ್ಧ.

೨೦೨೪ರ ಯುಗಾದಿಯ ಹಿಂದಿನ ದಿನ ನಮ್ಮ ಮೊದಲನೆಯ ನಿರ್ದುಷ್ಟವಾದ ಲೇಖನಿಯು ಸಿದ್ಧವಾಯಿತು. ಜೇನಿನ ಬಣ್ಣ, ನಡುವೆ ಕಂದು ಎಳೆಗಳು, ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆ. ಹಬ್ಬದ ದಿನ ಊರಿಗೆ ಹೋಗಿ ಅದನ್ನು ಅಣ್ಣನವರ ಕೈಯಲ್ಲಿಟ್ಟೆವು. ಅವರು ಬಹಳ ಹೊತ್ತು ತಿರುಗಿಸಿ ನೋಡಿ, "ನಮ್ಮ ಮರವೇ?" ಎಂದು ಕೇಳಿದರು. ಹೌದೆಂದೆವು. ಅಂದು ಸಾಯಂಕಾಲ ಹಬ್ಬದ ಖರ್ಚಿನ ಲೆಕ್ಕವನ್ನು ಅವರು ಅದರಿಂದಲೇ ಬರೆದರು. ಮರ ಕಡಿಸಿದ ವಿಷಯವನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ವೈಶಾಖದ ಬಿಸಿಲಿನಲ್ಲಿ ಅಣ್ಣನವರಿಂದ ದೂರವಾಣಿಯ ಕರೆ ಬಂದಿತು. "ನಿನ್ನ ಪೆನ್ನು ಸೀಳಿತಲ್ಲೋ" ಎಂದರು. ಕ್ಲಿಪ್ಪಿನ ಕೆಳಗಿನಿಂದ ನಡುಬಳೆಯವರೆಗೆ ಉದ್ದನೆಯ ಬಿರುಕು. ಕೊರೆತ ಸರಿಯಾಗಿದ್ದಿತು, ಅಂಟು ಸರಿಯಾಗಿದ್ದಿತು, ಉಳಿಯೂ ಕಚ್ಚಿರಲಿಲ್ಲ. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲವೆಂದರೆ ಉತ್ಪ್ರೇಕ್ಷೆಯಲ್ಲ. ಬೆಳಗಾದೊಡನೆ ಶಿಷ್ಯನ ಬಳಿಗೆ ಹೋಗಿ ನಡೆದುದನ್ನು ಹೇಳಿದೆವು. ಅವನು ಉಳಿದ ತುಂಡುಗಳಲ್ಲಿ ಒಂದನ್ನು ಕೈಯಲ್ಲಿ ತೂಗಿ, ಕೆನ್ನೆಗೆ ಒತ್ತಿಕೊಂಡು, "ಇದು ಇನ್ನೂ ಹಸಿ, ಮೇಷ್ಟ್ರೇ" ಎಂದನು.

ಕಾರಣವು ನಮ್ಮ ಅತಿ ಜಾಗರೂಕತೆ. ಮರದೊಳಗಿನ ನೀರು ತುದಿಗಳಿಂದ ಬೇಗನೆಯೂ ಪಕ್ಕಗಳಿಂದ ನಿಧಾನವಾಗಿಯೂ ಹೊರಡುತ್ತದೆ. ತುದಿಗಳು ಮೊದಲೇ ಒಣಗಿದರೆ ಅಲ್ಲಿ ಬಿರುಕು ಹುಟ್ಟುವುದು. ಆದುದರಿಂದ ಹಸಿಯ ತುಂಡುಗಳ ಎರಡು ತುದಿಗಳಿಗೆ ಮಾತ್ರ ಮೇಣವನ್ನು ಬಳಿದು ನೆರಳಿನಲ್ಲಿ ಗಾಳಿಯಾಡುವಂತೆ ಇಡತಕ್ಕದ್ದು. ನಾವಾದರೋ ತುದಿಗೆ ಒಳ್ಳೆಯದು ಮೈಗೆಲ್ಲ ಒಳ್ಳೆಯದೆಂದು ತರ್ಕಿಸಿ, ಹದಿನಾಲ್ಕನ್ನೂ ಕರಗಿದ ಮೇಣದಲ್ಲಿ ಪೂರ್ತಿಯಾಗಿ ಅದ್ದಿಟ್ಟಿದ್ದೆವು. ಕಾರ್ತಿಕದ ನೀರು ಒಳಗೇ ಉಳಿದಿದ್ದಿತು. ಕಡೆದು ತೆಳುವಾದ ಮೇಲೆ ಮರವು ಬೇಸಗೆಯಲ್ಲಿ ಒಣಗಿ ಕುಗ್ಗತೊಡಗಿತು. ಒಳಗಿನ ಹಿತ್ತಾಳೆಯು ಕುಗ್ಗುವುದಿಲ್ಲ. ಮರ ಸೀಳದೆ ಬೇರೆ ಗತಿಯೇನು? ಕೊಂಬೆಯನ್ನು ಕತ್ತರಿಸಿದ ದಿನವೇ ಆ ಬಿರುಕು ಮೊದಲಾಗಿದ್ದಿತು.

ತಪ್ಪನ್ನು ತಿಳಿಯುವ ಉಪಾಯವು ಬಹು ಸುಲಭ. ಅಡಿಗೆಮನೆಯಲ್ಲಿ ಹಿಟ್ಟು ಸಕ್ಕರೆಗಳನ್ನು ತೂಗುವ ಚಿಕ್ಕ ತಕ್ಕಡಿಯಿದ್ದರೆ, ವಾರಕ್ಕೊಮ್ಮೆ ತುಂಡನ್ನು ತೂಗಿ ತೂಕವನ್ನು ಅದರ ಮೈಮೇಲೆಯೇ ಬರೆಯಬೇಕು. ತೂಕ ಇಳಿಯುತ್ತಿರುವವರೆಗೆ ನೀರಿದೆಯೆಂದು ಅರ್ಥ. ನಾಲ್ಕಾರು ವಾರ ಒಂದೇ ಆಗಿ ನಿಂತರೆ ಒಣಗಿತೆಂದು ಅರ್ಥ. ಉಳಿದಿದ್ದ ಐದು ತುಂಡುಗಳ ಪಕ್ಕಗಳಿಂದ ನಾವು ಮೇಣವನ್ನು ಹೆರೆದು ತೆಗೆದೆವು. ಅಂದು ಒಂದೊಂದೂ ಸುಮಾರು ೩೯ ಗ್ರಾಂ ತೂಗಿತು. ಕಾರ್ತಿಕದ ವೇಳೆಗೆ ೩೧ ಗ್ರಾಮಿಗೆ ಇಳಿದು ನಿಂತಿತು. ಆ ತಿಂಗಳುಗಳಲ್ಲಿ ನಾವು ಹಲಸನ್ನು ಮುಟ್ಟದೆ, ಶಿಷ್ಯನು ಕೊಟ್ಟ ಬೇವನ್ನೂ ನೀಲಗಿರಿಯನ್ನೂ ಇಪ್ಪತ್ತಲ್ಲ, ಇಪ್ಪತ್ತಾರು ತುಂಡುಗಳ ಮಟ್ಟಿಗೆ ಹಾಳು ಮಾಡಿದೆವು. ಅಂಗಡಿಗಳಲ್ಲಿ ಸಿಗುವ ಸೀಸಂ, ತೇಗದ ಚೂರುಗಳೂ ಅಭ್ಯಾಸಕ್ಕೆ ಒಳ್ಳೆಯವೇ. ಬೀಟೆ, ಶ್ರೀಗಂಧಗಳ ವಿಷಯದಲ್ಲಿ ಮಾತ್ರ ಅರಣ್ಯದ ಕಾಯಿದೆಗಳಿರುವುದರಿಂದ ರಸೀತಿಯಿಲ್ಲದ ಚೂರನ್ನು ಯಾರು ಕೊಟ್ಟರೂ ತೆಗೆದುಕೊಳ್ಳಬಾರದು.

ಅನಂತರ ಕಡೆದ ಮೂರು ಲೇಖನಿಗಳು ಅಕ್ಕನವರಿಗೂ ತಂಗಿಗೂ ತಮ್ಮನಿಗೂ ಸೇರಿವೆ. ಎರಡು ಬೇಸಗೆಗಳ ಮಧ್ಯೆ ಒಂದೂ ಬಿರಿದಿಲ್ಲ. ಅಣ್ಣನವರಿಗೆ ಬೇರೊಂದನ್ನು ಮಾಡಿಕೊಡುವೆವೆಂದು ಊರಿಗೆ ಹೋದಾಗ ಹೇಳಿದೆವು. ಅವರು ಸೀಳಿದ ಲೇಖನಿಯನ್ನು ಜೇಬಿನಿಂದ ತೆಗೆದು ತೋರಿಸಿದರು. ಬಿರುಕಿನ ಮೇಲೆ ಗಾಳದ ದಾರವನ್ನು ಒತ್ತೊತ್ತಾಗಿ ಸುತ್ತಿ, ಅರಗನ್ನು ಕಾಯಿಸಿ ಮೆತ್ತಿದ್ದರು. ಚಿಕ್ಕಂದಿನಲ್ಲಿ ನಮ್ಮ ಬುಗುರಿ ಸೀಳಿದಾಗಲೂ ಅವರು ಹೀಗೆಯೇ ಮಾಡಿಕೊಡುತ್ತಿದ್ದರು. "ಇದು ಬರೆಯುತ್ತದಲ್ಲೋ, ಇನ್ನೊಂದು ಯಾಕೆ? ಉಳಿದ ತುಂಡು ನೀನೇ ಇಟ್ಟುಕೊ" ಎಂದರು. ಹೊಸ ಕೋಣೆಯ ಕಿಟಕಿಯಿಂದ ಹಿತ್ತಲಿನ ಬೆಳಕು ಒಳಕ್ಕೆ ಬೀಳುತ್ತಿದ್ದಿತು. ಮರದ ಬುಡದಿಂದ ಎದ್ದ ಚಿಗುರೊಂದನ್ನು ಕಡಿಯದೆ, ಅದಕ್ಕೆ ಮುಳ್ಳಿನ ಬೇಲಿ ಕಟ್ಟಿಸಿರುವುದನ್ನು ನಾವು ಆಗ ನೋಡಿದೆವು.

ಹದಿನಾಲ್ಕರಲ್ಲಿ ಎರಡು ತುಂಡುಗಳು ನಮ್ಮ ಮೇಜಿನ ಮೇಲಿವೆ. ಪ್ರತಿ ಭಾನುವಾರ ತೂಗುವ ಅಭ್ಯಾಸವು ಬಿಟ್ಟಿಲ್ಲ. ಮಳೆಗಾಲದಲ್ಲಿ ಒಂದು ಗ್ರಾಂ ಏರುತ್ತವೆ, ಬೇಸಗೆಯಲ್ಲಿ ಮತ್ತೆ ಇಳಿಯುತ್ತವೆ.